ಮಂಗಳದ ನೌಕೆಗೆ ಕಾಯಿ ಒಡೆದದ್ದು

ಸೇಡಂ ರಸ್ತೆಯ ಗುಮಾಸ್ತ ಚಂದ್ರಶಾ ಮಂಗಳ ಗ್ರಹದ ಮೇಲೆ ಮೂರು ಕಾದಂಬರಿ ಬರೆದಿದ್ದ. ಓಣಿಯಲ್ಲಾಗಲಿ ಕಚೇರಿಯಲ್ಲಾಗಲಿ ಅವನ್ನು ಓದಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಈಗ ಆ ಮೂರನ್ನೂ ಕೂಡಿಸಿ ಟಿವಿಗೆ ಐದು ಕಂತಿನ ಧಾರಾವಾಹಿ ತೆಗೆಯುತ್ತಿದ್ದರು. ಪರದೆಯ ಮೇಲೆ ‘ಕತೆ: ಚಂದ್ರಶಾ’ ಎಂದು ಬರಬೇಕು, ಅದನ್ನು ಓಣಿಯೆಲ್ಲ ನೋಡಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಕಮಲಾಪುರದ ಕೆಂಪು ಮಣ್ಣಿನ ಹೊಲವೇ ಮಂಗಳ ಗ್ರಹ. ಮೊದಲ ದಿನದ ಶೂಟಿಂಗಿಗೆ ಅವನು ಸುಮ್ಮನೆ ಒಬ್ಬನೇ ಹೋಗಬಹುದಿತ್ತು. ಮೆರೆಯುವ ಚಟ ಬಿಡಬೇಕಲ್ಲ; ಪಕ್ಕದ ಮನೆಯ ತುಳಜಾಬಾಯಿಯನ್ನೂ ಕರೆದೊಯ್ದ. ಅವಳು ಬುಟ್ಟಿ ಹಿಡಿದೇ ಬಂದಳು.

ಥರ್ಮಾಕೋಲಿನ ನೌಕೆ ಬೆಳ್ಳಗೆ ಹೊಳೆಯುತ್ತಿತ್ತು. ನಿರ್ದೇಶಕ ಆನಂದಕುಮಾರ ಕ್ಯಾಮೆರಾ ಶುರು ಮಾಡಿಸಿದ್ದೇ ತಡ, ತುಳಜಾಬಾಯಿ ಸೀದಾ ನೌಕೆಯ ಮುಂದೆ ಹೋಗಿ ನಿಂತಳು.

“ಹೊಸಾ ಗಾಡಿಗಿ ಪೂಜಾ ಮಾಡಲ್ದೆ ಹ್ಯಾಂಗ ಹಾರಿಸ್ತೀರಿ?”

ಚಂದ್ರಶಾ ಓಡಿ ಬರುವಷ್ಟರಲ್ಲಿ ಅವಳು ಕುಂಕುಮ ಹಚ್ಚಿ, ಆರತಿ ಎತ್ತಿ, ಚಕ್ರ ಕಾಣದೆ ನಿಂಬೆಹಣ್ಣನ್ನು ರೆಕ್ಕೆಯ ಕೆಳಗಿಟ್ಟು, ಟ್ರ್ಯಾಕ್ಟರಿನ ಬಂಪರಿಗೆ ಹೊಡೆಯುವಂತೆ ನೌಕೆಯ ಮೂತಿಗೆ ತೆಂಗಿನಕಾಯಿ ಬೀಸಿದ್ದಳು. ಕಾಯಿ ಒಡೆಯಲಿಲ್ಲ, ನೌಕೆ ಒಡೆಯಿತು. ಒಳಗಿದ್ದ ಗಗನಯಾತ್ರಿ ಕಾಯಿ ಹಿಡಿದುಕೊಂಡು ಹೊರಗೆ ಬಂದ.

ಬೇರೆ ನೌಕೆಗೆ ತಿಂಗಳು ಬೇಕು, ಧಾರಾವಾಹಿ ಇಲ್ಲಿಗೇ ಮುಗಿಯಿತು ಎಂದು ಆನಂದಕುಮಾರ ತಲೆಯ ಮೇಲೆ ಕೈಹೊತ್ತು ಕುಳಿತ. ಚಂದ್ರಶಾ ಗಡಿಬಿಡಿಯಲ್ಲಿ ತನ್ನ ಕಾದಂಬರಿಗೆ ತಾನೇ ಕತ್ತರಿ ಹಾಕಿದ. ನಾವು ಮಂಗಳಕ್ಕೆ ಹೋಗುವುದು ಬೇಡ, ಮಂಗಳದವರೇ ಕಮಲಾಪುರಕ್ಕೆ ಬಂದು ಬೀಳಲಿ, ಊರ ಹೆಣ್ಣುಮಗಳೊಬ್ಬಳು ನೌಕೆಗೆ ಆರತಿ ಎತ್ತಲಿ ಎಂದ. ಕ್ಯಾಮೆರಾ ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. ಆ ದೃಶ್ಯ ಆಗಲೇ ಸಿಕ್ಕಿತ್ತು.

ನಿರ್ದೇಶಕ ಹಿಗ್ಗಿಹೋದ. ಆದರೆ ಮುಂದೇನು ಎಂದು ಕೇಳಿದ್ದು ಚಂದ್ರಶಾನನ್ನಲ್ಲ, ತುಳಜಾಬಾಯಿಯನ್ನು. ಬಂದವರಿಗೆ ಮೊದಲು ರೊಟ್ಟಿ ಹಾಕಬೇಕು, ಆಮೇಲೆ ಹೆಣ್ಣು ನೋಡಬೇಕು ಎಂದಳು. ಸಂಜೆಯೊಳಗೆ ಐದೂ ಕಂತು ಅವಳ ಬಾಯಿಂದ ಉದುರಿದವು. ಕಾದಂಬರಿಯಲ್ಲಿ ಉಳಿದದ್ದು ಪಾತ್ರಗಳ ಹೆಸರು ಮಾತ್ರ. ಚಂದ್ರಶಾ ಹಲ್ಲು ಕಚ್ಚಿ ಬರೆದುಕೊಂಡ.

ಧಾರಾವಾಹಿ ಬಂದ ದಿನ ಓಣಿಯೆಲ್ಲ ಟಿವಿ ಮುಂದೆ ಕೂತಿತ್ತು. ‘ಕತೆ: ತುಳಜಾಬಾಯಿ’ ಎಂದು ಬಂತು. ಚಂದ್ರಶಾನ ಹೆಸರು ಎಲ್ಲೂ ಇರಲಿಲ್ಲ.

ಐದೂ ಕಂತು ಮುಗಿದ ಮೇಲೆ ಕಚೇರಿಯ ಹಿರಿಯ ಗುಮಾಸ್ತ ದೌಲಪ್ಪ ಅವನ ಮೇಜಿನ ಹತ್ತಿರ ಬಂದ. ಕೈಯಲ್ಲಿ ಚಂದ್ರಶಾನ ಮೊದಲ ಕಾದಂಬರಿ. ಕೊನೆಯ ಪುಟದವರೆಗೂ ಓದಿದ್ದೇನೆ ಎಂದ. ಕೊನೆಗೂ ಒಬ್ಬ ಓದುಗ ಸಿಕ್ಕನಲ್ಲ ಎಂದು ಚಂದ್ರಶಾ ಎದ್ದು ತನ್ನ ಕುರ್ಚಿಯನ್ನೇ ಅವನ ಮುಂದೆ ಸರಿಸಿದ.

ದೌಲಪ್ಪ ದನಿ ತಗ್ಗಿಸಿದ. “ಆ ಹೆಣ್ಮಗಳ ಕತಿ ಕದ್ದೀರಲ್ರೀ ಚಂದ್ರಶಾ. ಪಾತ್ರಗಳ ಹೆಸರರೆ ಬದಲ್ ಮಾಡಬಾರದಿತ್ತೇನ್ರಿ?”