ಮಾವನವರ ಗಾಡಿ, ಭಾಮೈದನ ಟೆಂಪೋ

ಗಂಡಸರಿಗೆ ಕೆಲವು ವಸ್ತುಗಳು ಬೇಕಾಗುವುದು ಉಪಯೋಗಕ್ಕಲ್ಲ, ‘ನಮ್ಮನೇಲೂ ಇದೆ’ ಎಂದು ಹೇಳಿಕೊಳ್ಳುವುದಕ್ಕೆ. ಕೆಲವರ ಮನೆಯಲ್ಲಿ ತಂತಿ ಹರಿದ ವೀಣೆ ಇರುತ್ತದೆ, ಕೆಲವರಲ್ಲಿ ನಡೆಯದ ಗಡಿಯಾರ. ಬನಶಂಕರಿಯ ನಮ್ಮ ಮನೆಯ ಪೋರ್ಟಿಕೋದಲ್ಲಿ ಇರುವುದು ನನ್ನ ಮಾವನವರ ಮೋಟಾರ್ ಸೈಕಲ್ಲು. ದುಂಡು ಟ್ಯಾಂಕಿನ, ಕಪ್ಪು ಬಣ್ಣದ, ಈಗಿನ ಹುಡುಗರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವಂಥ ಹಳೇ ಗಾಡಿ. ಅವರು ಹೋದಮೇಲೆ ನಮ್ಮಲ್ಲಿಗೆ ಬಂತು. ಬಂದದ್ದು ನಿಂತಿತು, ನಿಂತದ್ದು ಅಲುಗಲಿಲ್ಲ. ನಾನೋ ಗೇರಿಲ್ಲದ ಸ್ಕೂಟರಿನ ಮನುಷ್ಯ. ಆದರೂ ಆಫೀಸಿನಲ್ಲಿ ಬೈಕಿನ ಮಾತು ಬಂದರೆ ಸಾಕು, “ನಮ್ಮನೇಲೂ ಒಂದು ವಿಂಟೇಜ್ ಇದೆ ಗುರು” ಎಂದು ಮೂಗು ತೂರಿಸುತ್ತಿದ್ದೆ.

ಆಯುಧಪೂಜೆಯ ದಿನ ಮಾತ್ರ ಅದಕ್ಕೆ ರಾಜಮರ್ಯಾದೆ. ತೊಳೆದು, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆ. ಗಾಡಿ ತಾನಾಗಿ ಚಲಿಸುವುದಿಲ್ಲವಲ್ಲ, ಹಿಂದಿನಿಂದ ನಾನೇ ದಬ್ಬಿ ನಿಂಬೆಹಣ್ಣು ಒಡೆಸುತ್ತಿದ್ದೆ. ಈ ಸಲ ಅಗರಬತ್ತಿ ಸ್ಟ್ಯಾಂಡು ದೇವರ ಮನೆಯಲ್ಲೇ ಉಳಿದಿತ್ತು. ಒಳಗೆ ಹೋಗಿ ಬರುವ ಸೋಮಾರಿತನಕ್ಕೆ ಒಂದು ಪಚ್ಚಬಾಳೆಹಣ್ಣನ್ನು ಸೈಲೆನ್ಸರಿನ ಬಾಯಿಗೆ ತುರುಕಿ, ಅದಕ್ಕೇ ಅಗರಬತ್ತಿ ಚುಚ್ಚಿ, ಕೈಮುಗಿದೆ.

ಪೂಜೆಗೆಂದು ಹುಳಿಮಾವಿನಿಂದ ನಾಗರಾಜ ಬಂದಿದ್ದ. ನನ್ನ ಹೆಂಡತಿ ಗಿರಿಜೆಯ ತಮ್ಮ. ಪ್ರಸಾದದ ಚರುಪು ಬಾಯಿಗೆ ಹಾಕಿಕೊಳ್ಳುತ್ತಾ, “ಭಾವ, ಸ್ಟಾರ್ಟ್ ಆಗ್ದೇ ಇರೋದನ್ನ ಗಾಡಿ ಅನ್ನಲ್ಲ, ವಿಗ್ರಹ ಅಂತಾರೆ. ಅಪ್ಪನ ಗಾಡಿ ನಂಗೆ ಕೊಡಿ, ಓಡಿಸಿ ತೋರಿಸ್ತೀನಿ” ಅಂದ. ನನಗೆ ಮೈಯೆಲ್ಲಾ ಉರಿದುಹೋಯಿತು. “ಓಡಿಸೋದಕ್ಕೆ ನೀನೇ ಆಗ್ಬೇಕೇನಯ್ಯಾ? ದೀಪಾವಳಿ ಕಳೆದ ಭಾನುವಾರ ಬಾ, ಸ್ಟಾರ್ಟ್ ಮಾಡಿಟ್ಟಿರ್ತೀನಿ” ಎಂದುಬಿಟ್ಟೆ. “ಸ್ಟಾರ್ಟ್ ಆದ್ರೆ ಇಲ್ಲೇ ಇರ್ಲಿ. ಆಗ್ದಿದ್ರೆ? ಟೆಂಪೋ ತಗೊಂಡೇ ಬರ್ತೀನಿ” ಎಂದು ಅವನು ಅಲ್ಲೇ ಪಂತ ಕಟ್ಟಿದ. ಗಿರಿಜೆ “ಹೋದ್ರೆ ಹೋಗ್ಲಿ ಬಿಡಿ, ಜಾಗ ಆದ್ರೂ ಆಗತ್ತೆ” ಅಂದಳು. ಆದರೆ ತಮ್ಮ ಹೋದಮೇಲೆ ಸೆರಗಿನಿಂದ ಟ್ಯಾಂಕ್ ಒರೆಸುತ್ತಾ ನಿಂತಿದ್ದಳು. ಚಿಕ್ಕಂದಿನಲ್ಲಿ ಅದೇ ಟ್ಯಾಂಕಿನ ಮೇಲೆ ಕೂತು ಅಪ್ಪನ ಜೊತೆ ಸ್ಕೂಲಿಗೆ ಹೋಗುತ್ತಿದ್ದವಳು. ಅದನ್ನು ನೋಡಿದ ಮೇಲೆ, ಏನೇ ಆಗಲಿ ಗಾಡಿ ಕೊಡಬಾರದು ಅನ್ನಿಸಿತು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಾರ್ಬುರೇಟರ್ ಬಿಚ್ಚಿದೆ, ತೊಳೆದೆ, ಜೋಡಿಸಿದೆ. ಒಂದು ಸ್ಕ್ರೂ ಮಿಕ್ಕಿತು. ಮತ್ತೆ ಬಿಚ್ಚಿ ಜೋಡಿಸಿದೆ, ಎರಡು ಮಿಕ್ಕಿದವು. ಹಳೇ ಪೆಟ್ರೋಲ್ ಚೆಲ್ಲಿ ಹೊಸದಕ್ಕೆ ಆಯಿಲ್ ಬೆರೆಸಿ ಹಾಕಿದೆ, ಪ್ಲಗ್ ಬದಲಾಯಿಸಿದೆ. ಕಿಕ್ಕರ್ ತಿರುಗಿ ಬಡಿದು ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕೊನೆಗೂ ಗಾಡಿಗೆ ಜೀವ ಬಂತು ಅಂದುಕೊಳ್ಳಿ, ಆದರೆ ಬುರ್ರ್ ಎಂದು ಎರಡು ಸಲ ಕೆಮ್ಮಿ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಅಷ್ಟೇ. ಗಿರಿಜೆ ಅಡುಗೆಮನೆಯಿಂದ “ಏನಾಯ್ತ್ರೀ?” ಅನ್ನುವಳು, ನಾನು “ಇನ್ನೇನು ಆಯ್ತು” ಅನ್ನುವೆ.

ಭಾನುವಾರ ಬಂದೇ ಬಂತು. ಬೆಳಗಿನಿಂದ ಕಿಕ್ಕರ್ ಒದ್ದು ಒದ್ದು ಬನಿಯನ್ ಬೆವರಿಗೆ ಒದ್ದೆ. ಅಷ್ಟರಲ್ಲಿ ನಾಗರಾಜನ ಫೋನು: “ಭಾವ, ಟೆಂಪೋದಲ್ಲಿ ಬರ್ತಾ ಇದೀನಿ, ಸಾರಕ್ಕಿ ಸಿಗ್ನಲ್ಲಲ್ಲಿ ಸಿಕ್ಕಾಕೊಂಡಿದೀನಿ.” ಸಾರಕ್ಕಿ ಸಿಗ್ನಲ್ಲನ್ನು ನಾನು ಬೈಯದ ದಿನವಿಲ್ಲ. ಅವತ್ತು ಮಾತ್ರ ‘ತಾಯೀ ಬನಶಂಕರಿ, ಆ ಕೆಂಪು ದೀಪ ಹಾಗೇ ಇರಲಿ’ ಎಂದು ಬೇಡಿಕೊಂಡೆ. ಎಲ್ಲರ ಪ್ರಾರ್ಥನೆಯನ್ನೂ ಕಡೆಗಣಿಸುವ ಆ ಸಿಗ್ನಲ್ಲು ನನ್ನದನ್ನೂ ಕಡೆಗಣಿಸಿತು. ಟೆಂಪೋ ಬಂದು ಗೇಟಿನ ಮುಂದೆ ನಿಂತಿತು. ಡ್ರೈವರ್ ಇಳಿದವನೇ ಹಗ್ಗ ಬಿಚ್ಚತೊಡಗಿದ. ಇಸ್ತ್ರಿ ಮಾಡಿದ ಬಿಳೀ ಶರ್ಟು ತೊಟ್ಟ ನಾಗರಾಜ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಲ್ಲಿ ಹಿಡಿದು ಎತ್ತಬೇಕೆಂದು ನೋಡುತ್ತಿದ್ದ.

“ಕೊನೇದಾಗಿ ಒಂದ್ಸಲ ಕಣೋ” ಎಂದು ಇದ್ದ ಸಿಟ್ಟನ್ನೆಲ್ಲ ಕಾಲಿಗೆ ತಂದು ಒದ್ದೆ. ಬುರ್ರ್ ಎಂದಿತು. ಸಾಯಲು ಬಿಡದೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದೆ. ಢಮಾರ್! ಹೊಗೆಯೋ ಹೊಗೆ. ಹೊಗೆ ತೆಳುವಾದಾಗ ನೋಡಿದರೆ, ನಾಗರಾಜನ ಬಿಳೀ ಶರ್ಟಿನ ಎದೆಯ ಮೇಲೆ ಕರ್ರಗಿನ ಮುದ್ದೆ ಅಂಟಿಕೊಂಡಿದೆ, ಅದರಲ್ಲಿ ಮೂರು ಅಗರಬತ್ತಿ ಕಡ್ಡಿ ಇನ್ನೂ ನೆಟ್ಟಗೆ ನಿಂತಿವೆ.

“ಭಾವ, ಇದೇನು, ಪ್ರಸಾದಾನಾ?” ಅಂದ.

ಗಾಡಿ ಮಾತ್ರ ಗಂಟಲು ಬಿಟ್ಟುಕೊಂಡು ಡುಬುಡುಬು ಎನ್ನುತ್ತಲೇ ಇತ್ತು. ಆ ಸದ್ದಿಗೆ ಸೌಟು ಹಿಡಿದುಕೊಂಡೇ ಓಡಿಬಂದ ಗಿರಿಜೆಯ ಕಣ್ಣಲ್ಲಿ ನೀರು. “ಅಪ್ಪ ಆಫೀಸಿಂದ ಬಂದ ಹಾಗಾಯ್ತು ಕಣ್ರೀ” ಅಂದಳು. ನಾಗರಾಜ ಶರ್ಟು ಕೊಡವಿಕೊಂಡು, “ಸೋತೆ ಭಾವ, ಗಾಡಿ ನಿಮ್ದೇ” ಎಂದು ಕೈಕೊಟ್ಟ. ಗಿರಿಜೆ ಸೌಟನ್ನು ಅವನ ಕೈಗಿಟ್ಟು, ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಕೂತೇಬಿಟ್ಟಳು. “ನಡೀರಿ, ಜಯನಗರದವರೆಗೆ ಒಂದು ರೌಂಡ್ ಹೋಗ್ಬರೋಣ.”

ನಾನು ಹ್ಯಾಂಡಲ್ ಹಿಡಿದು ನಿಂತೆ. ಎಡಗೈಯ ಹಿಡಿ ಬ್ರೇಕಲ್ಲ, ಕ್ಲಚ್ಚು ಎಂಬಲ್ಲಿಗೆ ನನ್ನ ವಿದ್ಯೆ ಮುಗಿದಿತ್ತು. ಸ್ಟಾರ್ಟ್ ಮಾಡುವ ಗಲಾಟೆಯಲ್ಲಿ, ಆಮೇಲೆ ಓಡಿಸಬೇಕಾಗುತ್ತದೆ ಎನ್ನುವುದು ತಲೆಗೇ ಹೊಳೆದಿರಲಿಲ್ಲ. “ಅದು… ಕಾಲು ಬಾತಿದೆ ಕಣೇ” ಅಂದೆ. ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಸೌಟು ನನ್ನ ಕೈಗೆ ಬಂತು, ಹ್ಯಾಂಡಲ್ ನಾಗರಾಜನ ಕೈಗೆ ಹೋಯಿತು. “ದಾರೀಲಿ ಎಲ್ಲಾದ್ರೂ ನಿಂತ್ಬಿಟ್ರೆ? ನೀವು ಟೆಂಪೋದಲ್ಲಿ ಹಿಂದೆ ಬನ್ನಿ” ಎಂದು ಗಿರಿಜೆ ಕೂಗಿ ಹೇಳುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು.

ಹಗ್ಗ ಸುತ್ತಿಟ್ಟ ಡ್ರೈವರ್ ಪಕ್ಕ ಸೌಟು ಹಿಡಿದು ಕೂತೆ. ಮುಂದೆ ಅವರಿಬ್ಬರೂ ನಗುತ್ತಾ ಹೊಗೆಯೊಳಗೆ ಮರೆಯಾಗುತ್ತಿದ್ದರು.

“ಸಖತ್ತಾಗಿದೆ ಗಾಡಿ. ಯಾರ್ದು ಸಾರ್?” ಅಂದ ಅವನು.

“ನಂದೇ ಕಣಪ್ಪ” ಅಂದೆ. “ಸ್ವಲ್ಪ ಬೇಗ ಓಡಿಸು, ಕಣ್ಮರೆ ಆಗ್ತಾ ಇದೆ.”