ಸದರಿ ಆನೆಯ ಭಾವಚಿತ್ರಗಳ ಕುರಿತು

ಮಾನ್ಯ ಓದುಗರಲ್ಲಿ ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ಕಾಗುಣಿತವಂತೂ ಮಲೇಷ್ಯಾಕ್ಕೆ ಬಂದ ಮೇಲೆ ಇನ್ನಷ್ಟು ಸಡಿಲಗೊಂಡಿದೆ. ಇದುವರೆಗೆ ನಾನು ಬರೆದಿರುವುದೆಲ್ಲ ಕಚೇರಿಯ ಪತ್ರಗಳೇ ಆಗಿರುವುದರಿಂದ, ಪ್ರಬಂಧವನ್ನು ಯಾವ ನಮೂನೆಯಲ್ಲಿ ಸಲ್ಲಿಸಬೇಕೆಂದು ತಿಳಿಯದೆ, ತಿಳಿದಿರುವ ಒಂದೇ ನಮೂನೆಯಲ್ಲಿ ಸಲ್ಲಿಸುತ್ತಿದ್ದೇನೆ.

ನೋಡುವುದು ಬೇರೆ, ತಪಾಸಣೆ ಮಾಡುವುದು ಬೇರೆ ಎಂಬುದು ನನ್ನ ಹೆಂಡತಿ ಸುಮನಾಳ ಬಹುಕಾಲದ ಅಭಿಪ್ರಾಯ. ನಾನು ಇಲ್ಲಿನ ಕ್ಲಾಂಗ್ ಬಂದರಿನಲ್ಲಿ ಸರಕು ತಪಾಸಣೆಯ ಕೆಲಸದಲ್ಲಿದ್ದೇನೆ. ಹಡಗಿನಿಂದ ಇಳಿದ ಕಂಟೇನರಿನ ಸಂಖ್ಯೆ, ಬೀಗಮುದ್ರೆ, ನಾಲ್ಕು ಮೂಲೆ, ತಗ್ಗು ಅಥವಾ ಗೀರುಗಳಿದ್ದಲ್ಲಿ ಅವು, ಇಷ್ಟನ್ನೂ ಹತ್ತಿರದಿಂದ ಚಿತ್ರ ತೆಗೆದು ವರದಿಗೆ ಲಗತ್ತಿಸುವುದು ನನ್ನ ಕರ್ತವ್ಯ. ದೂರ ನಿಂತು ಇಡೀ ಕಂಟೇನರನ್ನು ತೆಗೆದರೆ ಮೇಲಧಿಕಾರಿಗಳು ಇದರಲ್ಲಿ ಏನೂ ಕಾಣುವುದಿಲ್ಲವೆಂದು ಹಿಂತಿರುಗಿಸುತ್ತಾರೆ. ಈ ಅಭ್ಯಾಸವು ಕಚೇರಿಯ ವೇಳೆಯ ನಂತರವೂ ಮುಂದುವರಿಯುತ್ತದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮದುವೆಯಾದ ಹೊಸತರಲ್ಲಿ ನಾವು ಲಂಕಾವಿ ದ್ವೀಪಕ್ಕೆ ಹೋಗಿದ್ದೆವು. ಆ ಪ್ರವಾಸದ ಆಲ್ಬಮ್ಮಿನಲ್ಲಿ ಕೋಣೆಯ ಬಾಗಿಲಿನ ಸಂಖ್ಯೆಯಿದೆ, ಸೂಟ್‌ಕೇಸಿನ ಮುರಿದ ಚಕ್ರವಿದೆ, ಸುಮನಾಳ ಎಡಗೈ ಬಳೆಗಳಿವೆ. ಸುಮನಾ ಇಲ್ಲ.

ಹೀಗಿರುವಾಗ, ಕಳೆದ ವರ್ಷ ಕಚೇರಿಯ ಕೆಲಸದ ಮೇಲೆ ನನ್ನನ್ನು ಟಾಂಜಾನಿಯಾದ ಒಂದು ಬಂದರಿಗೆ ಕಳುಹಿಸಲಾಯಿತು. ಅಲ್ಲಿನ ಕರಾವಳಿಯಲ್ಲಿ ಕಾಡು ನೇರವಾಗಿ ಸಮುದ್ರದ ಮರಳಿಗೇ ಬಂದು ಮುಗಿಯುವ ಅಭಯಾರಣ್ಯವೊಂದಿದೆ. ಆನೆಗಳು ಕಡಲ ತೀರಕ್ಕೆ ಬರುತ್ತವೆಂದು ಯಾರೋ ಹೇಳಿದ್ದನ್ನು ನಾನು ಅಲ್ಲಿಂದ ಫೋನಿನಲ್ಲಿ ಒಂಬತ್ತು ವರ್ಷದ ಮಗಳು ಅನಘಾಳಿಗೆ ಹೇಳಿದೆ. ಅವಳು ಅದನ್ನು ತರಗತಿಯಲ್ಲಿ ಹೇಳಿದಳು. ತರಗತಿಯಲ್ಲಿ ಯಾರೂ ನಂಬಲಿಲ್ಲ. "ಎಲ್ಲರೂ ಬ್ಲಫ್ ಅಂತಾರೆ ಅಪ್ಪಾ. ಮಂಡೇ ನನ್ ಟರ್ನ್, ಮುಂದೆ ನಿಂತು ಮಾತಾಡ್ಬೇಕು. ಒಂದೇ ಫೋಟೋ ಸಾಕು. ಎಲಿಫೆಂಟ್ ಅಂಡ್ ಸೀ, ಬೋತ್ ಟುಗೆದರ್. ಪ್ರಾಮಿಸ್ ಲಾ," ಎಂದಳು, ಮಲೇಷ್ಯಾದ ಮಕ್ಕಳಂತೆ ಕೊನೆಗೊಂದು ಲಾ ಸೇರಿಸಿ. ನಾನು ಪ್ರಾಮಿಸ್ ಮಾಡಿದೆ.

ಸದರಿ ಅಭಯಾರಣ್ಯದಲ್ಲಿ ಜುಮಾ ಎಂಬ ಮಾರ್ಗದರ್ಶಕರು ಜೀಪನ್ನು ಮರಳಿನ ಅಂಚಿನಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಪೊದೆಯಿಂದ ಒಂದು ಆನೆ ಹೊರಬಂದು, ಇಪ್ಪತ್ತು ಹೆಜ್ಜೆ ದೂರದಲ್ಲಿ, ಸಮುದ್ರದ ಮುಂದೆ ಅಡ್ಡಲಾಗಿ ನಿಂತಿತು. ಕ್ಯಾಮೆರಾ ಆಮೇಲೆ, ಮೊದಲು ಸುಮ್ಮನೆ ನೋಡಿ ಎಂದು ಜುಮಾ ಪಿಸುಗುಟ್ಟಿದರು. ಅವರಿಗೆ ಧನ್ಯವಾದ ತಿಳಿಸಿ ನಾನು ಕೆಲಸ ಆರಂಭಿಸಿದೆ. ಮೊದಲು ಬಲಗಿವಿ, ಅಂಚು ಹರಿದಿತ್ತು. ನಂತರ ದಂತ; ತುದಿ ಮುರಿದಿತ್ತು. ನಂತರ ಕಾಲುಗಳು, ಒಂದರಿಂದ ನಾಲ್ಕು. ಬಾಲದ ಚಿತ್ರವು ಅಸ್ಪಷ್ಟವಾದ್ದರಿಂದ ಎರಡು ಬಾರಿ ತೆಗೆಯಬೇಕಾಯಿತು. ಪರದೆಯಲ್ಲಿ ಅದನ್ನು ದೊಡ್ಡದು ಮಾಡಿ ತೃಪ್ತಿಪಟ್ಟು ತಲೆ ಎತ್ತಿದಾಗ ತೀರದಲ್ಲಿ ಸಮುದ್ರ ಮಾತ್ರ ಇತ್ತು. ಜುಮಾ ನನ್ನನ್ನು ಬಹಳ ಹೊತ್ತು ನೋಡಿದರು. ತಪಾಸಣೆಗೆ ಒಳಗಾಗುವುದು ಹೇಗಿರುತ್ತದೆಂದು ಆಗ ತಿಳಿಯಿತು.

ಶನಿವಾರ ಸಂಜೆ ಪುಚೊಂಗಿನ ನಮ್ಮ ಮನೆಯಲ್ಲಿ ಮೂವರೂ ಸೋಫಾದಲ್ಲಿ ಕುಳಿತೆವು. ನಾನು ಚಿತ್ರಗಳನ್ನು ಅನುಕ್ರಮವಾಗಿ ತೋರಿಸಿದೆ.

"ಇದು ಬಲಗಿವಿ. ಹರಿದಿರೋದು ನೋಡು, ಹಳೇ ಗಾಯ."

"ಓಕೆ. ವೇರ್ ಈಸ್ ದಿ ಎಲಿಫೆಂಟ್?"

"ಇದೆಲ್ಲ ಅದೇ ಪುಟ್ಟಿ."

"ಏನ್ರೀ," ಎಂದಳು ಸುಮನಾ, "ಆನೆ ನೋಡಕ್ಕೆ ಹೋಗಿದ್ರೋ, ಡೆಲಿವರಿ ತಗೊಳ್ಳಕ್ಕೆ ಹೋಗಿದ್ರೋ?"

ಅನಘಾ ಅಳಲಿಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು. "ಇಟ್ಸ್ ಓಕೆ. ನೀನೇ ಹೇಳು, ನಾನು ಕ್ಲಾಸಲ್ಲಿ ಹೇಳ್ತೀನಿ. ಅದು ನೀರಿಗೆ ಹೋಯ್ತಾ?"

"ಫೋಟೋ ಪ್ರಕಾರ ಕಾಲು ಒದ್ದೆಯಾಗಿಲ್ಲ."

"ಆಮೇಲೆ?"

ಆಮೇಲಿನ ವೇಳೆಯಲ್ಲಿ ನಾನು ಬಾಲವನ್ನು ಪರಿಶೀಲಿಸುತ್ತಿದ್ದೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಆನೆ ಎಷ್ಟು ದೊಡ್ಡದಿತ್ತು, ಎತ್ತ ಹೋಯಿತು ಎಂಬುದನ್ನು ನಾನು ನೋಡಿಯೇ ಇರಲಿಲ್ಲ. ಗೊತ್ತಿಲ್ಲ ಎಂದೆ. ಅವಳು ಎದ್ದು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಅವಳು ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ, ನನ್ನ ಚಿತ್ರಗಳನ್ನು ಒಂದೊಂದಾಗಿ ಕೇಳಿ ಪಡೆದು, ನೋಡಿ ಬಿಡಿಸತೊಡಗಿದಳು. ಹರಿದ ಕಿವಿ, ಮುರಿದ ದಂತ, ಬಾಲ, ಎಲ್ಲವೂ ಅವುಗಳ ಸ್ಥಾನದಲ್ಲಿ ಬಂದವು. ನಾನು ಒದಗಿಸದಿದ್ದ ಹೊಟ್ಟೆ, ಬೆನ್ನು ಮತ್ತು ಕಣ್ಣುಗಳನ್ನು ತಾನೇ ಒದಗಿಸಿಕೊಂಡಳು. ಆನೆಯನ್ನು ಮೊಣಕಾಲಿನವರೆಗೆ ಸಮುದ್ರದಲ್ಲಿ ನಿಲ್ಲಿಸಿ, ಸೊಂಡಿಲಿನಿಂದ ನೀರು ಚಿಮ್ಮಿಸಿದಳು. ಅನಂತರ ನನ್ನತ್ತ ಪೆನ್ನು ನೂಕಿದಳು.

"ಐ ಸಾ ದಿಸ್ ಅಂತ ಬರೆದು ಸೈನ್ ಮಾಡು. ನೀನ್ ಸೈನ್ ಮಾಡಿದ್ರೆ ಪೋರ್ಟಲ್ಲಿ ಎಲ್ಲರೂ ನಂಬ್ತಾರಂತೆ. ಅಮ್ಮ ಹೇಳಿದ್ಲು."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಹದಿನಾಲ್ಕು ವರ್ಷಗಳ ಸೇವೆಯಲ್ಲಿ, ಕಾಣದ ಸರಕಿಗೆ ನಾನು ಒಮ್ಮೆಯೂ ಸಹಿ ಮಾಡಿದವನಲ್ಲ. ಕಿವಿಯನ್ನು ತಾಳೆ ನೋಡಿದೆ, ಸರಿಯಿತ್ತು. ದಂತವೂ ಸರಿಯಿತ್ತು. ಆನೆ ಸಮುದ್ರಕ್ಕೆ ಇಳಿದ ಬಗ್ಗೆ ನನ್ನ ಬಳಿ ಯಾವ ಪುರಾವೆಯೂ ಇರಲಿಲ್ಲ. ಸಹಿ ಮಾಡಿದೆ. ಸೋಮವಾರ ತರಗತಿಯಲ್ಲಿ ಎಲ್ಲರೂ ನಂಬಿದರೆಂದು, ಚಿತ್ರವನ್ನು ಗೋಡೆಗೆ ಅಂಟಿಸಲಾಗಿದೆಯೆಂದು ತಿಳಿದುಬಂದಿದೆ.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ಓದುಗರು ದಯವಿಟ್ಟು ತಿದ್ದಿಕೊಳ್ಳಬೇಕಾಗಿ ವಿನಂತಿ. ಆನೆ ನೀರಿಗೆ ಇಳಿದ ವಿಷಯವನ್ನು ಮಾತ್ರ ತಿದ್ದಬಾರದು. ಅದನ್ನು ನಾನು ನೋಡಿದ್ದೇನೆ.