ತೀರಿಕೊಂಡ ಮ್ಯಾನೇಜರ ಮೇಲ್‌ಪೆಟ್ಟಿಗೆ

೧. ಎಡಕ್ಕೆ

“ಯಜಮಾನ್ರೇ, ಅರಕಲಗೂಡಿಗೆ ಹೀಗೇನಾ?” ಅಂತ ದಾರಿಬದಿಯಲ್ಲಿ ಬೀಡಿ ಸೇದುತ್ತಿದ್ದವನನ್ನು ಜೀಪಿನಿಂದಲೇ ಕೇಳಿದೆ. ನೈರೋಬಿಯಲ್ಲೂ ದಾರಿ ತಪ್ಪದವಳು ಕೊಣನೂರು ದಾಟಿದ ಮೇಲೆ ಅದೇ ಹುಣಸೆಮರದ ಹತ್ತಿರ ಮತ್ತೆ ಬಂದು ನಿಂತಿದ್ದೆ. ಕಂಪ್ಯೂಟರ್ ಕೆಲಸಕ್ಕೆಂದು ಎಲ್ಲಿಗೆ ಹೋದರೂ ನನಗೆ ಏನಾದರೊಂದು ವಿಚಿತ್ರ ಗಂಟುಬೀಳುತ್ತದೆ.

“ಯಾರ ಮನೆಗವ್ವ?”

“ಟ್ರ್ಯಾಕ್ಟರ್ ಬಿಡಿಭಾಗದ ಆಫೀಸಿಗೆ.”

ಆತ ಬೀಡಿ ಕೆಳಗಿಳಿಸಿದ. “ಸತ್ತೋದ ಮ್ಯಾನೇಜರು ಕಾಗ್ದ ಬರೀತಾವ್ರಲ್ಲ, ಅಲ್ಲಿಗಾ? ಎಡಕ್ಕೆ ಓಗಿ. ನಾನೇ ಬತ್ತಿದ್ದೆ, ಮನೇಲಿ ಎಂಡ್ರು ಮಕ್ಳವ್ರೆ ಕಣವ್ವ.”

೨. ಖುದ್ದು ಭೇಟಿ

ಹಳೆಯ ಮೇಲ್‌ಗಳಲ್ಲಿ ಯಾವುದನ್ನು ಎಷ್ಟು ಕಾಲ ಇಡಬೇಕು, ಯಾವುದನ್ನು ಅಳಿಸಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಸರ್ವರ್ ತುಂಬಿತ್ತು. ಜಾಗ ಮಾಡದಿದ್ದರೆ ಎಲ್ಲ ಬ್ರಾಂಚುಗಳ ಮೇಲ್ ನಿಲ್ಲುತ್ತಿತ್ತು.

ಅರಕಲಗೂಡಿನ ಮ್ಯಾನೇಜರು ಆಪರೇಷನ್ನಿಗೆ ಹೊರಡುವಾಗ ತಾನಾಗಿ ಹೋಗುವ ಉತ್ತರವೊಂದನ್ನು ಇಟ್ಟುಹೋಗಿದ್ದರು: “ಊರಲ್ಲಿಲ್ಲ. ಬಂದ ಕೂಡಲೇ ಖುದ್ದಾಗಿ ಕಾಣುತ್ತೇನೆ.” ವಾಪಸ್ ಬರಲಿಲ್ಲ. ಉತ್ತರ ಮಾತ್ರ ಹೋಗುತ್ತಲೇ ಇತ್ತು. ಅದನ್ನೋದಿದ ಚನ್ನರಾಯಪಟ್ಟಣ ಬ್ರಾಂಚಿನ ಅಕೌಂಟೆಂಟು ಅಂದಿನಿಂದ ಕುರ್ಚಿಯನ್ನು ಬಾಗಿಲಿಗೆ ಮುಖಮಾಡಿ ಹಾಕಿಕೊಂಡಿದ್ದಾರಂತೆ.

೩. ಅಧಿಕ ಮಾಸ

“ಈ ಪೆಟ್ಟಿಗೆ ಅಳಿಸ್ತೀನಿ” ಅಂದೆ. ಅರಕಲಗೂಡಿನ ಹೆಡ್‌ಕ್ಲರ್ಕ್ ಕೈ ಅಡ್ಡ ಹಿಡಿದರು.

“ವರ್ಷಾಬ್ದಿಕ ಆಗೋವರ್ಗೂ ಮುಟ್ಬೇಡಿ ಮೇಡಂ.”

“ಆಯ್ತು, ಒಂದು ವರ್ಷ ಅಂತ ಹಾಕ್ತೀನಿ.”

“ಈ ಸಲ ಅಧಿಕ ಮಾಸ ಬಂದದೆ. ಅದನ್ನೂ ಸೇರ್ಸಿ.”

ಅವಧಿ ಎಣಿಸುವ ಸಾಫ್ಟ್‌ವೇರ್ ಮಾಡಿದವರಿಗೆ ಪಂಚಾಂಗ ಗೊತ್ತಿರಲಿಲ್ಲ.

೪. ಬೀಗದ ಕೈ

ಅಷ್ಟರಲ್ಲಿ ನಮ್ಮ ಕಣ್ಣೆದುರೇ ಆ ಪೆಟ್ಟಿಗೆಗೆ ಹೊಸ ಮೇಲ್ ಬಿತ್ತು: “ಬೀರುವಿನ ಬೀಗದ ಕೈ ಎಲ್ಲಿಟ್ರಿ?” ಬೆನ್ನಹಿಂದೆಯೇ ಇನ್ನೊಂದು: “ಇವತ್ತು ಅವರೆಕಾಳು ಸಾರು.” ಹೆಡ್‌ಕ್ಲರ್ಕ್ ಮೆಲ್ಲಗೆ ಎದ್ದು ದೇವರಪಟದ ಕೆಳಗೆ ಹೋಗಿ ನಿಂತರು.

ಕಳಿಸಿದ ವಿಳಾಸ ಹೊಳೆನರಸೀಪುರದ ಬ್ರಾಂಚಿನದು. ಹುಡುಕಿಕೊಂಡು ಹೋದೆ. ಅಲ್ಲಿಯ ಟೈಪಿಸ್ಟು ಮ್ಯಾನೇಜರ ಹೆಂಡತಿ.

“ಅಳಿಸೋಕೆ ಬಂದ್ರಾ?” ಅಂದರು, ಕೀಬೋರ್ಡಿನಿಂದ ಕೈ ತೆಗೆಯದೆ.

“ಅವರಿಲ್ಲ ಅಂತ ನಿಮಗೆ ಗೊತ್ತಲ್ಲ?”

“ಗೊತ್ತು ಕಣ್ರೀ. ಬದುಕಿದ್ದಾಗ ಏನು ಕೇಳಿದ್ರೂ ಪೇಪರ್ ಅಡ್ಡ ಹಿಡಿದು ಕೂತಿರೋರು. ಈಗ ಕೇಳಿದ ಕೂಡ್ಲೆ ಉತ್ತರ ಬತ್ತದೆ. ಇದನ್ನೂ ತೆಗೆದ್ಬುಟ್ರೆ ನಾನು ಯಾರ ಜೊತೆ ಜಗಳ ಆಡ್ಲಿ?” ನಕ್ಕರು. ಕಣ್ಣು ಮಾತ್ರ ಪರದೆ ಬಿಟ್ಟು ಕದಲಲಿಲ್ಲ.

ಅಲ್ಲೇ ಕೂತು ಎಲ್ಲ ಬ್ರಾಂಚುಗಳ ಹಬ್ಬದ ಶುಭಾಶಯದ ಚಿತ್ರಗಳನ್ನು ಅಳಿಸಿ ಜಾಗ ಮಾಡಿದೆ. ಮ್ಯಾನೇಜರ ಪೆಟ್ಟಿಗೆಗೆ “ಶಾಶ್ವತವಾಗಿ ಉಳಿಸಿ” ಎಂದು ಗುರುತು ಹಾಕಿದೆ. ಯಂತ್ರ ಕಾರಣ ಕೇಳಿತು. “ಬಂದ ಪ್ರತಿ ಮೇಲ್‌ಗೂ ತಪ್ಪದೆ ಉತ್ತರಿಸುತ್ತಾರೆ” ಎಂದು ಬರೆದೆ.

ಹಾಸನದ ಹೆಡ್ಡಾಫೀಸು ಒಪ್ಪಿಗೆ ಕೊಟ್ಟಿತು. ಕೆಳಗೊಂದು ಸಾಲು: “ಉಳಿದ ಮ್ಯಾನೇಜರುಗಳೂ ಇವರನ್ನು ಅನುಸರಿಸತಕ್ಕದ್ದು.”